ಪಾದಯಾತ್ರಿಕನ ಪರಿಕರ

॥ ಶ್ರೀ ಗುರುಬಸವಲಿಂಗಾಯ ನಮಃ ॥



ಫಾಲ್ಗುಣಮಾಸವು ಸಮೀಪಿಸುತ್ತಲೇ ನಮ್ಮ ಕೃಷ್ಣಾತೀರದ ಊರುಗಳಲ್ಲಿ ಒಂದು ಬಗೆಯ ಸಂಭ್ರಮವು ತಲೆದೋರುತ್ತದೆ. ಸುಗ್ಗಿಯು ಮುಗಿದು ಕಣಗಳು ಬರಿದಾಗಿರುತ್ತವೆ. ಮನೆಮನೆಗಳಲ್ಲಿ ಕಂಬಿ ಮಲ್ಲಯ್ಯನ ಪೂಜೆಯು ನಡೆದಿರುತ್ತದೆ. ಹೋಳಿಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಭಕ್ತರು ತಂಡತಂಡವಾಗಿ ಶ್ರೀಶೈಲದ ದಿಕ್ಕಿಗೆ ಮೋರೆಮಾಡಿ ನಡೆಯತೊಡಗುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಹೊರಟ ಈ ಜನಪ್ರವಾಹವು ರಾಯಚೂರನ್ನು ಹಿಂದಿಕ್ಕಿ, ಆಂಧ್ರಪ್ರದೇಶದ ಕರ್ನೂಲು, ಆತ್ಮಕೂರುಗಳ ಮಾರ್ಗವಾಗಿ ನಲ್ಲಮಲೆಯ ಅಡವಿಯನ್ನು ಹೊಕ್ಕು, ಯುಗಾದಿಯ ವೇಳೆಗೆ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರುತ್ತದೆ. ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೇ ಭಾವಿಸಿ ಆಕೆಗೆ ಸೀರೆ-ಕುಪ್ಪಸಗಳನ್ನು ಹೊತ್ತೊಯ್ಯುವ ತಾಯಂದಿರು ಈ ಪ್ರವಾಹದಲ್ಲಿ ಅಸಂಖ್ಯಾತರು. ಬಾಗಲಕೋಟೆಯ ಕಡೆಯವರಿಗೆ ಇದು ಸುಮಾರು 400 ಕಿಲೋಮೀಟರುಗಳ ಹಾದಿ. ಹದಿನೈದು ದಿನಗಳಲ್ಲಿ ಮುಟ್ಟಬೇಕಾದರೆ ದಿನವೊಂದಕ್ಕೆ 26 ಅಥವಾ 27 ಕಿಲೋಮೀಟರುಗಳನ್ನು ನಡೆಯಲೇಬೇಕು. ಅದೂ ಚೈತ್ರದ ಬಿಸಿಲು ಬಾಯ್ದೆರೆಯುತ್ತಿರುವ ಕಾಲದಲ್ಲಿ.

ಈ ದಿನಗಳಲ್ಲಿ ಮಠಕ್ಕೆ ಬರುವ ಭಕ್ತರು ನನ್ನಂಥ ಶಾಲೆಯ ಉಪಾಧ್ಯಾಯನನ್ನು ಕೇಳುವ ಪ್ರಶ್ನೆಯು ಷಟ್‌ಸ್ಥಲಕ್ಕೆ ಸಂಬಂಧಿಸಿದ್ದಲ್ಲ, ಅಷ್ಟಾವರಣಕ್ಕೆ ಸಂಬಂಧಿಸಿದ್ದೂ ಅಲ್ಲ. “ಬೂಟು ಎಂಥದು ಕೊಳ್ಳಬೇಕು? ಚೀಲಕ್ಕೆ ಎಷ್ಟು ಬೀಳುತ್ತದೆ? ಹಾಸುಹೊದಿಕೆಗೆ ಏನು ಮಾಡಬೇಕು?” ಎಂದು ಅವರು ಕೇಳುತ್ತಾರೆ. ಇವು ಲೌಕಿಕ ಪ್ರಶ್ನೆಗಳೆಂದು ಮೊದಲು ನಾನು ಲಘುವಾಗಿ ಎಣಿಸಿದ್ದುಂಟು. ಆದರೆ ಪಾದಯಾತ್ರೆಗೆ ಹೊರಡುವವನು ಏನನ್ನು ಹೊತ್ತನು, ಏನನ್ನು ಬಿಟ್ಟನು, ಹೊತ್ತದ್ದನ್ನು ಯಾವ ಹಣದಿಂದ ಕೊಂಡನು, ಯಾರಿಂದ ಕೊಂಡನು ಎಂಬಲ್ಲಿಯೇ ಶರಣಧರ್ಮದ ಬಹುಭಾಗವು ಅಡಗಿದೆಯೆಂಬುದು ನನಗೆ ತಡವಾಗಿ, ಅದೂ ನನ್ನದೇ ಒಂದು ತಪ್ಪಿನಿಂದ, ತಿಳಿದುಬಂದಿತು. ಆ ವಿಷಯವನ್ನೇ ಇಂದು ತಮ್ಮೆದುರಿಗೆ ನಿವೇದಿಸಬಯಸುತ್ತೇನೆ.

ಇಲ್ಲಿ ವಿಚಾರಶೀಲರಾದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಕರಸ್ಥಲದಲ್ಲಿ ಇಷ್ಟಲಿಂಗವಿರುವಾಗ ಲಿಂಗಧಾರಿಯು ಗುಡ್ಡಬೆಟ್ಟಗಳನ್ನು ಸುತ್ತುವುದೇಕೆ? ತೀರ್ಥಕ್ಷೇತ್ರಗಳ ಭ್ರಮೆಯನ್ನು ಶರಣರು ಖಂಡಿಸಲಿಲ್ಲವೇ? ಖಂಡಿಸಿದರು, ಸತ್ಯ. ಶರೀರವನ್ನೇ ಶಿವಾಲಯವಾಗಿ ಕಂಡ ಬಸವಣ್ಣನವರ ಉಪದೇಶಕ್ಕೆ ವಿರುದ್ಧವಾಗಿ, ಅಂತರಂಗವನ್ನು ಹೊಲಸಾಗಿರಿಸಿಕೊಂಡು ಹೊರಗಿನ ನೀರಿನಲ್ಲಿ ಮುಳುಗಿ ಏಳುವವನ ಯಾತ್ರೆಯು ವ್ಯರ್ಥವೇ ಸರಿ. ಆದರೂ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿಯಕ್ಕನು ಕಲ್ಯಾಣಕ್ಕೆ ನಡೆದಳು. ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳು. ಸೊನ್ನಲಿಗೆಯ ಸಿದ್ಧರಾಮನು ಬಾಲಕನಾಗಿದ್ದಾಗಲೇ ಮಲ್ಲಯ್ಯನನ್ನು ಅರಸಿ ಅದೇ ಗಿರಿಗೆ ನಡೆದನು. ಅವರು ಇಲ್ಲದ ದೇವರನ್ನು ಅಲ್ಲಿ ಹುಡುಕಲು ಹೋದವರಲ್ಲ. ನಡೆಯುವ ಕಾಲು ಮನಸ್ಸಿನ ಭಾರವನ್ನು ಇಳಿಸುತ್ತದೆ. ಮನೆಯಲ್ಲಿ ನಮಗೆ ಅನಿವಾರ್ಯವೆಂದು ತೋರುವ ನೂರು ವಸ್ತುಗಳಲ್ಲಿ ತೊಂಬತ್ತು ಬೇಡವೆಂಬುದನ್ನು ಯಾವ ಗ್ರಂಥವೂ ಹಾದಿಯಷ್ಟು ಸ್ಪಷ್ಟವಾಗಿ ಕಲಿಸಲಾರದು. ಆದುದರಿಂದ ಯಾತ್ರೆಯ ಪಾಠವು ಶಿಖರದರ್ಶನದಲ್ಲಿ ಆರಂಭವಾಗುವುದಿಲ್ಲ. ಗಂಟು ಕಟ್ಟುವಾಗಲೇ ಆರಂಭವಾಗುತ್ತದೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮಠದ ತಂಡದ ವ್ಯವಸ್ಥೆಯನ್ನು ನನಗೆ ವಹಿಸಲಾಗಿದ್ದಿತು. ಅದಕ್ಕೆ ಮುಂಚಿನ ವರ್ಷ ಹಾದಿಯಲ್ಲಿ ಕೆಲವರು ಕಾಲುಬೊಕ್ಕೆಗಳಿಂದ ನರಳಿದ್ದರು. ಹಾಗಾಗಬಾರದೆಂಬ ಸದುದ್ದೇಶದಿಂದಲೇ ನಾನು ಒಂದು ಪಟ್ಟಿಯನ್ನು ಸಿದ್ಧಪಡಿಸಿ ಮಠದ ಮಹಾದ್ವಾರದ ಬಳಿಯ ಹಲಗೆಯ ಮೇಲೆ ಅಂಟಿಸಿದೆನು. ನಡಿಗೆಗೆಂದೇ ಮಾಡಿದ ಬೂಟು, ಬೆನ್ನಿಗೆ ಹಾಕುವ ಹೊಸ ಚೀಲ, ಮಡಚುವ ಹಾಸಿಗೆ, ಮಳೆಗವಸು, ಬಿಸಿಲಿನ ಟೊಪ್ಪಿಗೆ, ನೀರಿನ ಪಾತ್ರೆ, ಬ್ಯಾಟರಿ, ಹೀಗೆ ಹದಿನೆಂಟು ವಸ್ತುಗಳು. “ಇವುಗಳನ್ನು ಹೊಂದಿದವರು ಮಾತ್ರ ಹೆಸರು ಬರೆಯಿಸತಕ್ಕದ್ದು” ಎಂದು ಕೆಳಗೆ ಒಂದು ಸಾಲು. ಪೇಟೆಯಲ್ಲಿ ಅವುಗಳ ಒಟ್ಟು ಬೆಲೆಯು 6,000 ರೂಪಾಯಿಗಳನ್ನು ಮೀರುತ್ತಿತ್ತು. ಆ ಮೊತ್ತವನ್ನು ಕೂಡಿ ನೋಡುವ ಗೋಜಿಗೆ ನಾನು ಹೋಗಿರಲಿಲ್ಲ.

ಕೂಡಿ ನೋಡಿದವರು ಬೇರೊಬ್ಬರು. ಪ್ರತಿ ಸೋಮವಾರ ಮಠದ ಅಂಗಳವನ್ನು ಗುಡಿಸಿ ಸಾರಿಸುವ ಒಬ್ಬ ತಾಯಿ. ಐವತ್ತರ ಗಡಿಯನ್ನು ದಾಟಿದವರು, ಹೊಲದ ಕೂಲಿಯಿಂದ ಜೀವಿಸುವವರು. ಮೊಮ್ಮಗನಿಂದ ಪಟ್ಟಿಯನ್ನು ಓದಿಸಿ ಕೇಳಿ, ಬೆರಳುಮಡಚಿ ಎಣಿಸಿ, ಮಾತಿಲ್ಲದೆ ಹಿಂದಿರುಗಿದರಂತೆ. ತಂಡವು ಹೊರಟಿತು, ಅವರು ಬರಲಿಲ್ಲ. ಯುಗಾದಿಯು ಕಳೆದ ಮೇಲೆ ನಾನು ಅವರನ್ನು ಕಂಡು, “ಯಾಕವ್ವಾ, ಈ ಸಲ ಬರಲಿಲ್ಲ?” ಎಂದು ಕೇಳಿದಾಗ ಅವರು ಕಸಬರಿಗೆಯನ್ನು ಕೆಳಗಿಡದೆಯೇ ಹೇಳಿದರು: “ನಿಮ್ಮ ಚೀಟಿಯಾಗ ಬರದಿದ್ದು ಒಂದೂ ನಮ್ಮ ಮನ್ಯಾಗ ಇರಲಿಲ್ಲರೀ ಮಾಸ್ತರ. ಈ ವರ್ಷ ಮಲ್ಲಯ್ಯ ರೊಕ್ಕ ಇದ್ದವರನ್ನ ಅಷ್ಟ ಕರದಾನ ಅಂತ ತಿಳಕೊಂಡೆ.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೇಳಲು ಅನುಕೂಲವಾಗುತ್ತಿತ್ತು. ಇಪ್ಪತ್ತೈದು ವರ್ಷಗಳಿಂದ ಮಕ್ಕಳಿಗೆ ವಚನಗಳನ್ನು ಕಂಠಪಾಠ ಮಾಡಿಸಿದ ನಾನು, ಮಲ್ಲಯ್ಯನ ಹಾದಿಗೆ ಒಂದು ಸುಂಕದ ಕಟ್ಟೆಯನ್ನು ಕಟ್ಟಿ, ಅದರ ಮೇಲೆ ಮಠದ ಹೆಸರನ್ನು ಬರೆದಿದ್ದೆನು.

ಆ ರಾತ್ರಿ ನನಗೆ ನೆನಪಾದದ್ದು ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತ. ತಾವೆಲ್ಲರೂ ಬಲ್ಲ ಕಥೆಯೇ ಅದು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಬಸವಣ್ಣನವರು ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಲು, ಮಾರಯ್ಯನು ಸಹಜವಾಗಿಯೇ ಎಂದಿಗಿಂತ ದೊಡ್ಡ ಗಂಟನ್ನು ಹೊತ್ತುತಂದನು. ಲಕ್ಕಮ್ಮನು ಗಂಟನ್ನು ಕಂಡೊಡನೆಯೇ ಅದು ತಮ್ಮ ಅಳತೆಯದಲ್ಲವೆಂದು ಅರಿತು, ಹೆಚ್ಚಿನದನ್ನು ಹಿಂದಕ್ಕೆ ಒಯ್ದು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದಳು. ಬಡತನವು ಮನೆಯಲ್ಲಿದ್ದರೂ ಮನಸ್ಸನ್ನು ಮುಟ್ಟದಂತೆ ಕಾಯ್ದುಕೊಂಡ ಮಹಾತಾಯಿ ಆಕೆ. ಈ ಕಥೆಯನ್ನು ನಾವು ದ್ರವ್ಯದ ವಿಷಯದಲ್ಲಿ ಬಳಸುತ್ತೇವೆ. ಯಾತ್ರೆಯ ಗಂಟಿಗೂ ಇದನ್ನೇ ಅನ್ವಯಿಸಬೇಕು. ಗಂಟನ್ನು ಕಟ್ಟಿದ ಮೇಲೆ ಪ್ರತಿಯೊಬ್ಬನೂ ಒಮ್ಮೆ ಲಕ್ಕಮ್ಮನ ಕಣ್ಣಿನಿಂದ ಅದನ್ನು ನೋಡಲಿ. ಹೆಚ್ಚೆಂದು ತೋರಿದ್ದನ್ನು ತೆಗೆದು ಮನೆಯಲ್ಲಿಡಲಿ. ಅನುಭವಿಗಳು ಹೇಳುವ ಸ್ಥೂಲವಾದ ಅಳತೆಯೂ ಒಂದಿದೆ: ದೇಹದ ತೂಕದ ಹತ್ತನೆಯ ಒಂದಂಶಕ್ಕಿಂತ ಹೆಚ್ಚಿನ ಭಾರವನ್ನು ದಿನವೂ ಹೊರಲಾಗದು. 60 ಕಿಲೋ ತೂಗುವವನಿಗೆ 6 ಕಿಲೋ ಸಾಕು, ಅದರಲ್ಲಿ ನೀರೂ ಸೇರಿರಬೇಕು.

ಹಾಗಾದರೆ ಬೇಕಾದುದೇನು? ಅಕ್ಕಮಹಾದೇವಿಯ ವಚನವೊಂದರಲ್ಲಿ ಒಂಟಿ ಪಯಣಿಗಳ ಅಗತ್ಯಗಳ ಗಣನೆಯೇ ಇದೆ. ಅನ್ನ, ನೀರು, ಮಲಗುವ ತಾವು, ಸಂಗಾತ: ಇಷ್ಟೇ. ನಾಲ್ಕೂ ಹಾದಿಯಲ್ಲಿಯೇ ದೊರೆಯುತ್ತವೆಯೆಂಬ ಧೈರ್ಯ ಆಕೆಯದು. ನನ್ನ ಹದಿನೆಂಟರ ಪಟ್ಟಿಯು ಅಕ್ಕನ ನಾಲ್ಕರ ಮುಂದೆ ನಾಚಿತು. ಆಕೆಯ ಗಣನೆಯಲ್ಲಿ ಪಾದರಕ್ಷೆಯಿಲ್ಲ. ಆಕೆಯ ವೈರಾಗ್ಯವು ನಮಗಿಲ್ಲದುದರಿಂದ ಅದೊಂದನ್ನು ಐದನೆಯದಾಗಿ ಸೇರಿಸಿಕೊಂಡು, ಒಂದೊಂದನ್ನಾಗಿ ವಿಚಾರ ಮಾಡೋಣ.

ಮೊದಲು ಪಾದ. ಹೊಸ ಬೂಟನ್ನು ಕೊಂಡು ಮರುದಿನವೇ ಹಾದಿ ಹಿಡಿಯುವವನು ತನ್ನ ಹಣದಿಂದಲೇ ತನಗೆ ಶಿಕ್ಷೆಯನ್ನು ಕೊಂಡುಕೊಂಡಂತೆ. ಬೆಲೆಬಾಳುವ ಬೂಟಿಗಿಂತಲೂ ಕಾಲಿಗೆ ಪಳಗಿದ ಹಳೆಯ ಪಾದರಕ್ಷೆಯೇ ಮೇಲು. ಅಟ್ಟೆಯು ಸವೆದಿದ್ದರೆ ಹೊಸ ಅಟ್ಟೆಯನ್ನು ಹಾಕಿಸಬಹುದು. ಬಾರು ಸಡಿಲವಾಗಿದ್ದರೆ ಹೊಲಿಸಬಹುದು. ಕೊಳ್ಳಲೇಬೇಕಾದಲ್ಲಿ ಒಂದು ತಿಂಗಳು ಮುಂಚಿತವಾಗಿ, ಸಾಯಂಕಾಲದ ಹೊತ್ತಿನಲ್ಲಿ ಕೊಳ್ಳತಕ್ಕದ್ದು. ಏಕೆಂದರೆ ದಿನವೆಲ್ಲ ನಡೆದ ಕಾಲು ಸ್ವಲ್ಪ ಉಬ್ಬಿರುತ್ತದೆ, ಹಾದಿಯಲ್ಲಿ ಇನ್ನೂ ಉಬ್ಬುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ತೆರವಿರಲಿ. ಆ ತಿಂಗಳೆಲ್ಲ ಅದನ್ನೇ ಮೆಟ್ಟಿ ದಿನವೂ ನಾಲ್ಕಾರು ಕಿಲೋಮೀಟರು ನಡೆಯಬೇಕು. ಬೂಟಾದರೆ ಎರಡು ಜೊತೆ ಕಾಲುಚೀಲಗಳು ಸಾಕು. ಒಂದು ಕಾಲಿನಲ್ಲಿ, ಒಂದು ಒಗೆದು ಚೀಲದ ಮೇಲೆ ಒಣಗುತ್ತ. ಬೊಕ್ಕೆ ಬಂದರೆ ಅದರ ಮೇಲಿನ ಚರ್ಮವನ್ನು ಹರಿದುಹಾಕಬಾರದು. ತೊಳೆದು, ಸ್ವಚ್ಛವಾದ ಅರಿವೆಯ ಪಟ್ಟಿಯನ್ನು ಸುತ್ತಬೇಕು. ಬೆಳಗಿನಲ್ಲಿ ಹೊರಡುವ ಮುನ್ನ ಬೆರಳುಗಳ ಸಂದಿಗೂ ಹಿಮ್ಮಡಿಗೂ ತುಸು ಕೊಬ್ಬರಿ ಎಣ್ಣೆಯನ್ನು ಸವರಿಕೊಂಡರೆ ಅರ್ಧ ಕಷ್ಟವು ನಿವಾರಣೆಯಾಗುತ್ತದೆ.

ಪಾದರಕ್ಷೆಯ ಮಾತು ಬಂದಾಗ ಹರಳಯ್ಯ-ಕಲ್ಯಾಣಮ್ಮರನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? ಶರಣೆಂದು ಕೈಮುಗಿದ ತನಗೆ ಬಸವಣ್ಣನವರು ಮರುಮಾತಿನಲ್ಲಿ ಎರಡು ಬಾರಿ ಶರಣು ಹೇಳಿದರೆಂಬ ಒಂದೇ ಕಾರಣಕ್ಕೆ, ಆ ಹೆಚ್ಚಿನ ಋಣವನ್ನು ತೀರಿಸಲೆಂದು ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆಗಳನ್ನು ಮಾಡಿ ತಂದರೆಂದು ಕಥೆಯು ಹೇಳುತ್ತದೆ. ಬಸವಣ್ಣನವರು ಅವುಗಳನ್ನು ಮೆಟ್ಟಲಿಲ್ಲ. ತಲೆಯ ಮೇಲೆ ಹೊತ್ತರು. ಈ ಕಥೆಯನ್ನು ಕೇಳಿ ಕಣ್ಣೀರಿಡುವ ನಾವು, ಸಂತೆಯ ಮೂಲೆಯಲ್ಲಿ ಕುಳಿತು ಅಟ್ಟೆ ಹೊಲಿಯುವ ಹರಳಯ್ಯನ ಕಾಯಕದ ಬಂಧುವಿನೊಡನೆ ಹತ್ತು ರೂಪಾಯಿಗಾಗಿ ಅರ್ಧಗಂಟೆ ಚೌಕಾಶಿ ಮಾಡುತ್ತೇವೆ. ಗಾಜಿನ ಅಂಗಡಿಯಲ್ಲಿ ಚೀಟಿಯ ಮೇಲೆ ಅಚ್ಚಾದ ಬೆಲೆಯನ್ನು ತುಟಿಬಿಚ್ಚದೆ ತೆರುತ್ತೇವೆ. ಮಿತವ್ಯಯವೆಂದರೆ ಇದಲ್ಲ. ಬೇಡದ ವಸ್ತುವನ್ನು ಕೊಳ್ಳದಿರುವುದು ಮಿತವ್ಯಯ. ಬೇಕಾದ ವಸ್ತುವನ್ನು ದುಡಿದವನ ಕೂಲಿಯನ್ನು ಕತ್ತರಿಸಿ ಕೊಳ್ಳುವುದು ಕಳವಿನ ಒಂದು ಪ್ರಕಾರ. ಬಿದಿರಿನ ಕೋಲನ್ನು ಮೇದಾರ ಕೇತಯ್ಯನ ಕಾಯಕದವರಲ್ಲಿ ಕೊಳ್ಳುವಾಗಲೂ, ಕಂಬಳಿಯನ್ನು ನೇಕಾರನ ಕೈಯಿಂದ ಪಡೆಯುವಾಗಲೂ ಇದೇ ನಿಯಮ. ಯಾತ್ರೆಯ ಪುಣ್ಯವು ಬಡ ಕಾಯಕಜೀವಿಯ ಗಂಟಿನಿಂದ ಸಲ್ಲತಕ್ಕದ್ದಲ್ಲ.

ಎರಡನೆಯದು ಮಲಗುವ ತಾವು. ಹಾದಿಯುದ್ದಕ್ಕೂ ಗುಡಿಗಳು, ಶಾಲೆಗಳು, ಮಠಗಳು, ದಾನಿಗಳು ಹಾಕಿಸಿದ ಚಪ್ಪರಗಳು ಇರುವುದರಿಂದ ಮಾಡಿಗೆ ಕೊರತೆಯಿಲ್ಲ. ಹಾಸಿಗೆ ಮಾತ್ರ ನಮ್ಮದು. ಇದಕ್ಕೆ ನಮ್ಮ ಸೀಮೆಯ ತಾಯಂದಿರು ಕಂಡುಹಿಡಿದ ಕೌದಿಗಿಂತ ಮಿಗಿಲಾದ ವಸ್ತುವು ಯಾವ ಪೇಟೆಯಲ್ಲಿಯೂ ಇಲ್ಲ. ಎರಡು ಹಳೆಯ ನೂಲಿನ ಸೀರೆಗಳನ್ನು ಸೇರಿಸಿ ಹೊಲಿದ ತೆಳುವಾದ ಕೌದಿಯು ಹಾಸಲೂ ಹೊದೆಯಲೂ ಆಗುತ್ತದೆ, ಮಡಚಿದರೆ ತಲೆದಿಂಬು, ಹಗಲಿನಲ್ಲಿ ಹೆಗಲ ಮೇಲೆ ಭಾರದ ಕೆಳಗಿಟ್ಟರೆ ಮೆತ್ತೆ. ಕಂಬಳಿಯು ಬೆಚ್ಚಗಿದ್ದರೂ ಭಾರ ಹೆಚ್ಚು. ಆದುದರಿಂದ ಬೇಸಗೆಯ ಯಾತ್ರೆಗೆ ವಯಸ್ಸಾದವರಿಗೆ ಮಾತ್ರ ಅದು ಉಚಿತ. ನೆಲದ ತೇವಕ್ಕೆ ಪ್ರತಿಯೊಬ್ಬನೂ ಒಂದೊಂದು ಹಾಳೆಯನ್ನು ಕೊಳ್ಳುವುದೇಕೆ? ರಾಶಿ ಮುಚ್ಚುವ ತಾಡಪತ್ರಿಯು ಪ್ರತಿ ರೈತನ ಮನೆಯಲ್ಲಿಯೂ ಇದೆ. ಸುಗ್ಗಿ ಮುಗಿದ ಮೇಲೆ ಅದು ಅಟ್ಟದಲ್ಲಿಯೇ ಬಿದ್ದಿರುತ್ತದೆ. ಐವರಿಗೆ ಒಂದು ತಾಡಪತ್ರಿಯಾದರೆ ನೆಲಕ್ಕೂ ಆಯಿತು, ಅಕಾಲದ ಮಳೆಗೆ ಮರೆಯೂ ಆಯಿತು. ಚೀಲವೂ ಹೀಗೆಯೇ. ಮಕ್ಕಳು ಬಿಟ್ಟ ಶಾಲೆಯ ಚೀಲಕ್ಕೆ ಅಗಲವಾದ ಅರಿವೆಯ ಪಟ್ಟಿಯನ್ನು ಹೊಲಿಸಿದರೆ 6 ಕಿಲೋ ಭಾರವನ್ನು ಅದು ಸುಖವಾಗಿ ತಾಳುತ್ತದೆ.

ಮೂರನೆಯದು ನೀರು. ಇಲ್ಲಿ ಜುಗ್ಗತನವು ಸಲ್ಲದು. ಸೂರ್ಯೋದಯಕ್ಕೆ ಮುಂಚೆ ಹೊರಟು ಬೆಳಗಿನ ಹತ್ತು ಗಂಟೆಯೊಳಗೆ ನೆರಳು ಸೇರುವುದು, ಮತ್ತೆ ಸಾಯಂಕಾಲ ನಾಲ್ಕರ ಮೇಲೆ ಹೊರಡುವುದು ಹಿರಿಯರ ಕ್ರಮ. ಹಾಗಿದ್ದರೂ ಎರಡು ಲೀಟರು ನೀರು ಯಾವಾಗಲೂ ಜೊತೆಯಲ್ಲಿರಲಿ. ಮನೆಯಲ್ಲಿರುವ ಗಟ್ಟಿಯಾದ ಎರಡು ಶೀಶೆಗಳೇ ಸಾಕು. ಒದ್ದೆ ಬಟ್ಟೆಯನ್ನು ಸುತ್ತಿದರೆ ಒಳಗಿನ ನೀರು ತಂಪಾಗಿರುತ್ತದೆ. ಬೆವರಿನೊಡನೆ ಉಪ್ಪೂ ಹರಿದುಹೋಗುವುದರಿಂದ ಬರಿಯ ನೀರಿನಿಂದ ಬಳಲಿಕೆಯು ಹೋಗದು. ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಇವುಗಳನ್ನು ಕಲಸಿ ಕುಡಿಯುವುದನ್ನು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಸಣ್ಣ ಚಮಚೆಯ ಲೆಕ್ಕವಿದು. ಬಾಟಲಿಯ ಬಣ್ಣದ ಪಾನೀಯಕ್ಕೆ ಕೊಡುವ ಹಣದಲ್ಲಿ ಇದನ್ನು ಇಡೀ ತಂಡಕ್ಕೆ ಮಾಡಬಹುದು. ಸಕ್ಕರೆಕಾಯಿಲೆಯವರು ಮಾತ್ರ ತಮ್ಮ ವೈದ್ಯರನ್ನು ಕೇಳಿಕೊಂಡು ಹೊರಡಬೇಕು.

ಅನ್ನದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಾದಿಯ ಹಳ್ಳಿಗಳ ಭಕ್ತರು ಪ್ರಸಾದವನ್ನೂ ಮಜ್ಜಿಗೆಯನ್ನೂ ಸಿದ್ಧವಾಗಿರಿಸಿಕೊಂಡು, ಬಂದವರ ಕಾಲಿಗೆ ಬಿಸಿನೀರು ಹೊಯ್ದು ಎಣ್ಣೆ ತಿಕ್ಕಿ ಕಳುಹಿಸುತ್ತಾರೆ. ಆದರೂ ಕಡಕ್ ರೊಟ್ಟಿ, ಶೇಂಗಾಹಿಂಡಿ, ತಂಬಿಟ್ಟುಗಳ ಬುತ್ತಿಯು ಒಂದೆರಡು ದಿನಕ್ಕಾಗುವಷ್ಟು ಇರಲೇಬೇಕು. ಇದರ ಅಗತ್ಯವು ತಿಳಿಯುವುದು ಅಡವಿಯಲ್ಲಿ. ತಂಡದ ಸಾಮಾನು ಹೊತ್ತ ವಾಹನವು ಆತ್ಮಕೂರಿನವರೆಗೆ ಜೊತೆಯಿರುತ್ತದೆ. ಅಲ್ಲಿಂದ ಅದು ದೋರ್ನಾಲದ ಘಟ್ಟದ ರಸ್ತೆಯಿಂದ ಸುತ್ತಿ ಬರುತ್ತದೆ. ನಡೆಯುವವರು ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನುಗಳ ಕಾಲುಹಾದಿಯನ್ನು ಹಿಡಿಯುತ್ತಾರೆ. ಅಲ್ಲಿ ನಮ್ಮ ಗಂಟು ನಮ್ಮ ಬೆನ್ನಿಗೇ. ಭೀಮುನಿಕೊಲನಿನ ಕಣಿವೆಗಿಳಿದು ಕೈಲಾಸದ್ವಾರಕ್ಕೆ ಕಲ್ಲುಮೆಟ್ಟಿಲುಗಳನ್ನು ಏರುವಾಗ, ಬಾಗಲಕೋಟೆಯಲ್ಲಿ ಹಗುರವೆನಿಸಿದ್ದ ಒಂದೊಂದು ವಸ್ತುವೂ ತನ್ನ ನಿಜವಾದ ತೂಕವನ್ನು ಹೇಳುತ್ತದೆ. ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದ ಕೀರ್ತಿಯು ಚರಿತ್ರೆಯಲ್ಲಿ 14ನೆಯ ಶತಮಾನದ ಪ್ರೋಲಯ ವೇಮರೆಡ್ಡಿಗೆ ಸಲ್ಲುತ್ತದೆ. ಅರಸನು ಮೆಟ್ಟಿಲನ್ನು ಕಟ್ಟಿಸಿಯಾನು. ಭಾರವನ್ನು ಇಳಿಸಿಕೊಳ್ಳುವುದು ಮಾತ್ರ ಏರುವವನ ಕೆಲಸ.

ಈ ಅಡವಿಯು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದ ಭಾಗವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಗ್ಗವೆಂದು ಕೊಂಡ ಪ್ಲಾಸ್ಟಿಕ್ ಹಾಳೆ, ಲೋಟ, ಪೊಟ್ಟಣಗಳನ್ನು ಅಲ್ಲಿ ಬಿಸುಟು ಬರುವವನ ಯಾತ್ರೆಯು ಅಗ್ಗವಾದುದಲ್ಲ. ಅದರ ಬೆಲೆಯನ್ನು ಮೂಕಪ್ರಾಣಿಗಳು ತೆರುತ್ತವೆ. ಒಯ್ದದ್ದೆಲ್ಲವೂ ಹಿಂದಿರುಗಿ ಬರಲಿ. ಒಣಗಿದ ಎಲೆಗಳ ನಡುವೆ ಒಲೆ ಹೂಡುವುದೂ, ಬೀಡಿಯ ಕಿಡಿಯನ್ನು ಎಸೆಯುವುದೂ ಶಿವದ್ರೋಹವೇ ಸರಿ.

ಇನ್ನು ಎಲ್ಲಿ ಉಳಿತಾಯ ಮಾಡಬಾರದೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆಯುವವರು ಬಿಳಿಯ ಬಟ್ಟೆಯನ್ನು ಉಟ್ಟು, ಎದುರಿನಿಂದ ಬರುವ ವಾಹನವು ಕಾಣುವಂತೆ ರಸ್ತೆಯ ಬಲಮಗ್ಗುಲಲ್ಲಿ ಸಾಲಾಗಿ ನಡೆಯಬೇಕು. ಸಾಲಿನ ಮುಂದೊಂದು ಹಿಂದೊಂದು ಬ್ಯಾಟರಿಯಿರಬೇಕು. ಬೆನ್ನಚೀಲಕ್ಕೆ ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಅಂಟಿಸಿರಬೇಕು. ಕೆಲವೇ ರೂಪಾಯಿಗಳ ಆ ಪಟ್ಟಿಯು ಪ್ರಾಣವನ್ನು ಉಳಿಸಬಲ್ಲದು. ಇನ್ನೊಂದು, ಬರಿಗಾಲಿನ ಹರಕೆ. ಹರಕೆ ಹೊತ್ತವರ ಭಕ್ತಿಗೆ ನಾನು ಕೈಮುಗಿಯುತ್ತೇನೆ. ಆದರೆ ಸಕ್ಕರೆಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನವು ಕುಂದಿದವನಿಗೆ ಮುಳ್ಳು ನಾಟಿದ್ದೂ ಕಾದ ಡಾಂಬರು ಸುಟ್ಟದ್ದೂ ತಿಳಿಯದೆ, ಹುಣ್ಣು ಕೊಳೆತು ಕಾಲನ್ನೇ ಕಳೆದುಕೊಳ್ಳುವ ಸಂಭವವಿದೆ. ಕಾಯವು ಕೈಲಾಸವನ್ನು ಸಾಧಿಸುವ ಉಪಕರಣ. ಅದನ್ನು ಹಾಳುಗೆಡಹುವ ಹರಕೆಯನ್ನು ಯಾವ ಶರಣರೂ ಮೆಚ್ಚಲಾರರು. ಅಂಥವರು ಮೆತ್ತನೆಯ ಪಾದರಕ್ಷೆಯನ್ನು ಮೆಟ್ಟಿ, ಪ್ರತಿ ರಾತ್ರಿಯೂ ಇನ್ನೊಬ್ಬರಿಂದ ಅಂಗಾಲನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ಪಾದರಕ್ಷೆಗೆ ಹಣವಿಲ್ಲದಿದ್ದರೆ ತಂಡವು ಕೊಡಬೇಕು.

ಈ ಮಾತೇ ನಾಲ್ಕನೆಯ ಅಗತ್ಯಕ್ಕೆ, ಎಂದರೆ ಸಂಗಾತಕ್ಕೆ, ನಮ್ಮನ್ನು ಕರೆತರುತ್ತದೆ. ಅಕ್ಕನಿಗೆ ಚೆನ್ನಮಲ್ಲಿಕಾರ್ಜುನನೇ ಸಂಗಾತಿ. ನಮಗೆ ಆತನು ಜೊತೆಯಲ್ಲಿ ನಡೆಯುವವರ ರೂಪದಲ್ಲಿ ಕಾಣಿಸಿಕೊಳ್ಳುತ್ತಾನೆ. ಹಾಗಿರಲು, ಸಾಲ ಮಾಡಿ ಪರಿಕರ ಕೊಳ್ಳುವ ಪ್ರಮೇಯವೇ ಬರಬಾರದು. ಬಡ್ಡಿಯ ಹಣದಿಂದ ಕೊಂಡ ಬೂಟು ಶ್ರೀಶೈಲದಲ್ಲಿ ಸವೆದುಹೋಗುತ್ತದೆ. ಬಡ್ಡಿಯು ಮನೆಯವರೆಗೂ ಬರುತ್ತದೆ. ಆ ತಾಯಿಯ ಮಾತನ್ನು ಕೇಳಿದ ಮೇಲೆ ನಾನು ಹಲಗೆಯ ಮೇಲಿನ ಪಟ್ಟಿಯನ್ನು ಹರಿದುಹಾಕಿ, ಪೂಜ್ಯ ಗುರುಗಳಲ್ಲಿ ತಪ್ಪನ್ನು ಒಪ್ಪಿಕೊಂಡೆನು. ಅವರು ಬೈಯಲಿಲ್ಲ, ಶಾಲೆಯ ಹಿಂದಿನ ಖಾಲಿ ಕೋಣೆಯ ಕೀಲಿಕೈಯನ್ನು ನನ್ನ ಕೈಗಿತ್ತು, “ಪ್ರಸಾದಕ್ಕೊಂದು ಭಂಡಾರವಿದೆ, ಹಾದಿಗೂ ಒಂದಿರಲಿ” ಎಂದರು. ಒಮ್ಮೆ ಯಾತ್ರೆ ಮಾಡಿ ಬಂದವರ ಮನೆಗಳಲ್ಲಿ ಚೀಲ, ಬ್ಯಾಟರಿ, ಶೀಶೆ, ಕೌದಿ, ಕೋಲುಗಳು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರುತ್ತವೆ. ಅವುಗಳನ್ನು ಬೇಡಿ ತಂದು, ಒಗೆದು, ಹೊಲಿದು, ಆ ಕೋಣೆಯಲ್ಲಿ ಇಟ್ಟೆವು. ಹೊರಡುವವನು ಬೇಕಾದುದನ್ನು ಒಯ್ಯುತ್ತಾನೆ. ಬಂದ ಮೇಲೆ ಸ್ವಚ್ಛಮಾಡಿ ಹಿಂದಿಡುತ್ತಾನೆ. ಯಾರು ಒಯ್ದರೆಂದು ಬರೆದುಕೊಳ್ಳುವ ಪುಸ್ತಕವನ್ನು ಮಾತ್ರ ಇಟ್ಟಿಲ್ಲ. ಏಕೆಂದರೆ ಹೆಸರು ಬರೆದಲ್ಲಿ ಕೊಟ್ಟವನು ದೊಡ್ಡವನೂ ಪಡೆದವನು ಚಿಕ್ಕವನೂ ಆಗಿಬಿಡುತ್ತಾರೆ, ದಾಸೋಹವು ದಾನದ ಮಟ್ಟಕ್ಕೆ ಇಳಿಯುತ್ತದೆ. ಕೆಲವು ವಸ್ತುಗಳು ಹಿಂದಿರುಗುವುದಿಲ್ಲ, ನಿಜ. ಹಾಗಿದ್ದರೂ ಪ್ರತಿ ವರ್ಷ ಕೋಣೆಯು ಮೊದಲಿಗಿಂತ ತುಂಬಿಯೇ ಇದೆ.

ಮರುವರ್ಷ ಆ ತಾಯಿಯೂ ಹೊರಟರು. ಭಂಡಾರದಿಂದ ಅವರು ಒಯ್ದದ್ದು ಎರಡು ನೀರಿನ ಶೀಶೆಗಳನ್ನು ಮಾತ್ರ. ಅಟ್ಟೆ ಹಾಕಿಸಿದ ಚಪ್ಪಲಿ, ತಾವೇ ಹೊಲಿದ ಕೌದಿ, ಅರಿವೆಯ ಚೀಲದಲ್ಲಿ ರೊಟ್ಟಿ-ಹಿಂಡಿ, ಒಂದು ಸಣ್ಣ ಎಣ್ಣೆಯ ಡಬ್ಬಿ, ಮಲ್ಲಯ್ಯನ ಮಡದಿಗೆಂದು ಒಂದು ಕುಪ್ಪಸದ ಖಣ. ಇವು ಅವರ ಸಮಸ್ತ ಪರಿಕರಗಳು. ತೂಗಿದ್ದರೆ ನೀರನ್ನು ಬಿಟ್ಟು ಮೂರು ಕಿಲೋ ಆಗುತ್ತಿತ್ತೋ ಇಲ್ಲವೋ. ನಾನಾದರೋ ಇಷ್ಟೆಲ್ಲ ಉಪದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೂ, ಎರಡು ಗ್ರಂಥಗಳನ್ನೂ ಒಂದು ಹೆಚ್ಚಿನ ಧೋತರವನ್ನೂ ಬಿಡಲಾರದೆ ಒಂಬತ್ತು ಕಿಲೋ ಹೊತ್ತಿದ್ದೆನು. ಪೆಚ್ಚೆರುವಿನ ದಂಡೆಯಲ್ಲಿ ನನ್ನ ಹಿಮ್ಮಡಿಯು ಒಡೆದು ನಾನು ಕುಳಿತುಬಿಟ್ಟಾಗ, ಹಿಂದಿನಿಂದ ಬಂದ ಅವರು ಎಣ್ಣೆಯ ಡಬ್ಬಿಯನ್ನು ಮುಂದಿಟ್ಟು, ತಮ್ಮ ಸೆರಗಿನ ಅಂಚನ್ನು ಹರಿದು ಪಟ್ಟಿ ಮಾಡಿಕೊಟ್ಟರು. ಮೇಲೆ ನನ್ನ ಚೀಲದಿಂದ ಗ್ರಂಥಗಳೆರಡನ್ನೂ ತೆಗೆದು ತಮ್ಮ ಗಂಟಿಗೆ ಸೇರಿಸಿಕೊಂಡು, “ನೀವು ನಡೀರಿ ಮಾಸ್ತರ, ಇವನ್ನ ನಾ ತರತೀನಿ” ಎಂದರು. ಓದಲು ಬಾರದ ಆ ತಾಯಿಯು ನನ್ನ ವಚನಗ್ರಂಥಗಳನ್ನು ಹೊತ್ತು ಕೈಲಾಸದ್ವಾರದ ಮೆಟ್ಟಿಲುಗಳನ್ನು ಏರಿದರು. ನಾನು ಅವರ ಹಿಂದೆ ಏರಿದೆನು.

ಬಂಧುಗಳೇ, ಈ ವರ್ಷ ಹೊರಡುವವರು ತಮ್ಮ ಮನೆಯ ಅಟ್ಟವನ್ನು ಮೊದಲು ನೋಡಿರಿ, ಪೇಟೆಯನ್ನು ಆಮೇಲೆ ನೋಡಿರಿ. ಕೊಳ್ಳುವುದನ್ನು ಕಾಯಕದ ಹಣದಿಂದ, ಕಾಯಕದವರ ಕೈಯಿಂದ, ಅವರ ಬೆಲೆಗೆ ಕೊಳ್ಳಿರಿ. ಹೊರಡಲಾರದವರು ಅಟ್ಟದ ಮೇಲಿನ ಚೀಲವನ್ನಾದರೂ ಹೊರಡಿಸಿರಿ. ತಂಡಗಳ ಮುಖಂಡರಾದವರು ಪಟ್ಟಿ ಬರೆಯುವಾಗ ಅದರ ಕೊನೆಯಲ್ಲಿ ಮೊತ್ತವನ್ನು ಕೂಡಿ ನೋಡಿರಿ. ಅದನ್ನು ತೆರಲಾರದೆ ಹಿಂದಿರುಗುವವರು ಯಾರೆಂದು ಒಮ್ಮೆ ಕಣ್ಣುಮುಚ್ಚಿ ನೆನೆದು, ಬಳಿಕ ಪಟ್ಟಿಯನ್ನು ಹಲಗೆಗೆ ಅಂಟಿಸಿರಿ.

ಶ್ರೀಗಿರಿಯ ಮಲ್ಲಿಕಾರ್ಜುನನು ಸರ್ವ ಪಾದಯಾತ್ರಿಕರ ಪಾದಗಳನ್ನು ಕಾಪಾಡಲಿ. ಶರಣು ಶರಣಾರ್ಥಿ.